"ಮೇಡಂ, ನನ್ನ ಟಾಪಿಕ್‌ಗೆ ಫೆಲೋಶಿಪ್ ಸಿಗುತ್ತಾ?"

ಎಂ.ಎ. ಕೊನೆಯ ಸೆಮಿಸ್ಟರ್ ಬಂತು ಅಂದರೆ ಈ ಪ್ರಶ್ನೆ ಶುರುವಾಗುತ್ತದೆ. ಕೇಳುವವರು ಹೆಚ್ಚಾಗಿ ಹುಡುಗಿಯರು. ಮನೆಯಲ್ಲಿ ಇಷ್ಟು ಓದಿದವರು ಅವರೇ ಮೊದಲು. "ಪಿಎಚ್.ಡಿ ಮಾಡಬೇಕಂತ ಮಾಡೀನ್ರಿ ಮೇಡಂ. ಹೆಣ್ಣು-ಗಂಡು ಸಮಾನತೆ ಮ್ಯಾಲೇ ಮಾಡಬೇಕು. ಅದಕ್ಕ ಯಾರರ ರೊಕ್ಕ ಕೊಡ್ತಾರೇನ್ರಿ?"

ಕೊಡುತ್ತಾರೆ. ಆದರೆ ಟಾಪಿಕ್ ನೋಡಿ ಕೊಡುವವರು ತುಂಬಾ ಕಡಿಮೆ. ನಮ್ಮಲ್ಲಿ ಪರೀಕ್ಷೆಯ ಅಂಕ ನೋಡಿ, ಜಾತಿ ಪ್ರಮಾಣಪತ್ರ ನೋಡಿ ಕೊಡುತ್ತಾರೆ. "ನಮ್ಮನೆಯಲ್ಲಿ ನಾನೇ ಮೊದಲು" ಅನ್ನುವುದನ್ನು ನೋಡಿ ಕೊಡುವ ಫೆಲೋಶಿಪ್ ನಾನಿಲ್ಲಿ ಹೇಳುವುದರಲ್ಲಿ ಒಂದೂ ಇಲ್ಲ. ಅಮೆರಿಕದಲ್ಲಿ ಅಪ್ಪ-ಅಮ್ಮ ಪದವಿ ಓದಿರದ ಬಡ ಮನೆಯ ಮಕ್ಕಳನ್ನು ಪಿಎಚ್.ಡಿಗೆ ತಯಾರು ಮಾಡಲೆಂದೇ ಸರ್ಕಾರದ ಕಾರ್ಯಕ್ರಮವೊಂದಿದೆ. 1986ರ ಚಾಲೆಂಜರ್ ದುರಂತದಲ್ಲಿ ತೀರಿಹೋದ ಗಗನಯಾತ್ರಿ ರೊನಾಲ್ಡ್ ಮೆಕ್‌ನೇರ್ ಹೆಸರಿನದು. ನಮ್ಮಲ್ಲಿ ಅಂಥದ್ದು ಬಂದರೆ ನನ್ನ ಅರ್ಧ ಕೆಲಸ ಕಮ್ಮಿಯಾಗುತ್ತದೆ.

ಹಾಗಾಗಿ ಮೊದಲು ಟಾಪಿಕ್ ಬಿಡಿ, ನೆಟ್ ಹಿಡಿಯಿರಿ ಅನ್ನುತ್ತೇನೆ. ನೆಟ್ ಅಂದರೆ ಸಹಾಯಕ ಪ್ರಾಧ್ಯಾಪಕರಾಗಲು, ಸಂಶೋಧನೆಗೆ ಫೆಲೋಶಿಪ್ ಪಡೆಯಲು ಇರುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ. ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಆಮೇಲೆ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ಆದರೆ 42,000. 2023ರ ಜನವರಿಯಿಂದ ಈ ದರ. ಒಟ್ಟು ಐದು ವರ್ಷ. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಎಂ.ಎ. ಕೊನೆಯ ವರ್ಷದಲ್ಲಿ ಇರುವಾಗಲೇ ಬರೆಯಬಹುದು. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30, ಹೆಣ್ಣುಮಕ್ಕಳಿಗೆ ಐದು ವರ್ಷ ಸಡಿಲಿಕೆ ಇದೆ. ಮದುವೆಯಾಗಿ, ಮಗು ಅಂಗನವಾಡಿಗೆ ಹೋಗಲು ಶುರು ಮಾಡಿದ ಮೇಲೆ ಮತ್ತೆ ಪುಸ್ತಕ ಹಿಡಿದವರೂ ನನ್ನ ಹತ್ತಿರ ಬಂದಿದ್ದಾರೆ. ಅವರಿಗೂ ಕಾಲ ಮೀರಿರಲಿಲ್ಲ.

ಯಾವ ವಿಷಯದಲ್ಲಿ ನೆಟ್ ಬರೆಯಬೇಕು? ಇದನ್ನು ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಇದನ್ನೇ. ಮಹಿಳಾ ಅಧ್ಯಯನ ಅಂತಲೇ ನೆಟ್‌ನಲ್ಲಿ ಒಂದು ವಿಷಯ ಇದೆ. ಆದರೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಒಂದನೇ ಕ್ಲಾಸಿನಿಂದ ಎಂ.ಎ.ವರೆಗೆ ಕನ್ನಡದಲ್ಲೇ ಓದಿದವರಿಗೆ ಅಲ್ಲೇ ಕಾಲು ಎಡವುತ್ತದೆ. ಕನ್ನಡ ಎಂ.ಎ. ಮಾಡಿದವರು ಕನ್ನಡ ವಿಷಯದಲ್ಲೇ ಬರೆಯಲಿ. ಎರಡನೇ ಪತ್ರಿಕೆ ಕನ್ನಡದಲ್ಲೇ ಇರುತ್ತದೆ. ಮೊದಲನೆಯದು ಮಾತ್ರ ಎಲ್ಲರಿಗೂ ಇಂಗ್ಲಿಷ್ ಅಥವಾ ಹಿಂದಿ. ಆಮೇಲೆ ಕನ್ನಡ ವಿಭಾಗದಲ್ಲೇ ಶರಣೆಯರ ವಚನ, ಬೀಸುವ ಕಲ್ಲಿನ ಪದ, ಮಹಿಳಾ ಆತ್ಮಕಥೆ, ಏನು ಬೇಕಾದರೂ ಲಿಂಗ ಸಮಾನತೆಯ ಕಣ್ಣಿನಿಂದ ನೋಡಬಹುದು. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಇತಿಹಾಸದವರೂ ಅಷ್ಟೇ. ಪಿಎಚ್.ಡಿ ಮಾಡಲು ವಿಭಾಗದ ಬೋರ್ಡಿನ ಮೇಲೆ "ಮಹಿಳಾ" ಅಂತ ಇರಲೇಬೇಕು ಎಂದೇನಿಲ್ಲ. ಇರುವ ಕಡೆಯೇ ಬೇಕು ಅಂದರೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನ ವಿಭಾಗ ಇದೆ.

ಇಲ್ಲೊಂದು ಗೊಂದಲ ಬಿಡಿಸಿಬಿಡುತ್ತೇನೆ. "ಕೆ-ಸೆಟ್ ಆಗಿದೆ ಮೇಡಂ, ಫೆಲೋಶಿಪ್ ಯಾವಾಗ ಬರುತ್ತೆ?" ಬರುವುದಿಲ್ಲ. ಕೆ-ಸೆಟ್ ನಮ್ಮ ರಾಜ್ಯಮಟ್ಟದ ಪರೀಕ್ಷೆ; ಸಹಾಯಕ ಪ್ರಾಧ್ಯಾಪಕರಾಗಲು ಅರ್ಹತೆ ಕೊಡುತ್ತದೆ, ದುಡ್ಡು ಕೊಡುವುದಿಲ್ಲ.

ಜೆಆರ್‌ಎಫ್ ಅಂಚಿನಲ್ಲಿ ತಪ್ಪಿದವರಿಗೆ ಬೇರೆ ದಾರಿಗಳಿವೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಕೇಂದ್ರದ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಅಲ್ಪಸಂಖ್ಯಾತರಿಗೆ ಮೌಲಾನಾ ಆಜಾದ್ ಫೆಲೋಶಿಪ್ ಇತ್ತು, 2022-23ರಿಂದ ನಿಲ್ಲಿಸಿದರು. ಕಲಬುರಗಿ, ವಿಜಯಪುರ ಕಡೆಯ ಮುಸ್ಲಿಂ ಹುಡುಗಿಯರಿಗೆ ಅದು ದೊಡ್ಡ ಏಟು. ರಾಜ್ಯದ ಇಲಾಖೆಗಳಲ್ಲೂ ಪೂರ್ಣಾವಧಿ ಸಂಶೋಧಕರಿಗೆ ಫೆಲೋಶಿಪ್ ಇವೆ. ಮೊತ್ತ ಬದಲಾಗುತ್ತಿರುತ್ತದೆ, ಆ ವರ್ಷದ ಆದೇಶ ಓದಿಯೇ ಅರ್ಜಿ ಹಾಕಿ. ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದರೆ ನೆಟ್ ಇಲ್ಲದವರಿಗೂ ತಿಂಗಳಿಗೆ 8,000 ರೂಪಾಯಿ ಉಂಟು. 2015ರಲ್ಲಿ ಅದನ್ನೂ ನಿಲ್ಲಿಸಲು ಹೊರಟಾಗ ದೆಹಲಿಯಲ್ಲಿ ವಿದ್ಯಾರ್ಥಿಗಳು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಚೇರಿ ಮುಂದೆ ಕೂತುಬಿಟ್ಟಿದ್ದರು.

ಇನ್ನು ಸಾವಿತ್ರಿಬಾಯಿ ಫುಲೆ ಹೆಸರಿನದು. ಹೆಸರು ಕೇಳಿದ ತಕ್ಷಣ ಎಲ್ಲರ ಮುಖ ಅರಳುತ್ತದೆ. ನೆಟ್ ಬೇಕಿಲ್ಲ, ದುಡ್ಡು ಜೆಆರ್‌ಎಫ್‌ನಷ್ಟೇ. ಆದರೆ ಅದು ಒಬ್ಬಳೇ ಮಗಳಿರುವ ಮನೆಗೆ. ಅಣ್ಣ-ತಮ್ಮ ಇರಬಾರದು, ಅವಳಿ ಬಿಟ್ಟರೆ ಅಕ್ಕ-ತಂಗಿಯೂ ಇರಬಾರದು. ಗಂಡಾಗಲಿ ಅಂತ ಕಾದು ನಾಲ್ಕು ಹೆಣ್ಣು ಹೆತ್ತ ಮನೆಯ ಮೂರನೆಯವಳು ನನ್ನ ಮುಂದೆ ಕೂತಿರುತ್ತಾಳೆ. ಲಿಂಗ ತಾರತಮ್ಯ ಏನು ಅಂತ ಅವಳಿಗೆ ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ. ಆದರೆ ಆ ಫೆಲೋಶಿಪ್ ಅವಳಿಗಲ್ಲ. ಈ ಷರತ್ತು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

ಟಾಪಿಕ್ ನಿಜವಾಗಿ ಲೆಕ್ಕಕ್ಕೆ ಬರುವುದು ಐಸಿಎಸ್‌ಎಸ್‌ಆರ್‌ನ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಡಾಕ್ಟರಲ್ ಫೆಲೋಶಿಪ್‌ನಲ್ಲಿ. ಸಮಾಜ ವಿಜ್ಞಾನದವರಿಗಾಗಿ ಇರುವುದು. ಅಲ್ಲಿ ನಿಮ್ಮ ಪ್ರಸ್ತಾವನೆ ಓದುತ್ತಾರೆ. ಪಿಎಚ್.ಡಿಗೆ ಆಗಲೇ ನೋಂದಣಿ ಆಗಿರಬೇಕು. ಜೆಆರ್‌ಎಫ್‌ಗಿಂತ ದುಡ್ಡು ಕಡಿಮೆ, ಅವಧಿಯೂ ಕಡಿಮೆ. "ಮಹಿಳಾ ಸಬಲೀಕರಣ: ಒಂದು ಅಧ್ಯಯನ" ಅಂತ ಬರೆದು ಕಳಿಸಬೇಡಿ. "ಸಿಂಧನೂರಿನ ಭತ್ತದ ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರ ಕೂಲಿಯನ್ನು ಯಾರು ನಿಗದಿ ಮಾಡುತ್ತಾರೆ" ಅಂತ ಬರೆದರೆ ಓದುವವರು ಮುಂದಿನ ಪುಟ ತಿರುಗಿಸುತ್ತಾರೆ.

ಫೆಲೋಶಿಪ್ ಬಂತು ಅಂದುಕೊಳ್ಳಿ. ಮೊದಲ ತಲೆಮಾರಿನವರ ನಿಜವಾದ ಕಷ್ಟ ಇಲ್ಲಿಂದ ಶುರು. ದುಡ್ಡು ಒಂದನೇ ತಾರೀಕಿಗೆ ಬರುವುದಿಲ್ಲ. ಸೇರಿದ ವರದಿ ಹೋಗಬೇಕು, ಆಧಾರ್ ಜೋಡಣೆ ಆಗಬೇಕು, ಪ್ರತಿ ತಿಂಗಳೂ ವಿಶ್ವವಿದ್ಯಾಲಯದಲ್ಲಿ ಒಬ್ಬರು ಪೋರ್ಟಲ್‌ನಲ್ಲಿ ಹಾಜರಿ ತುಂಬಬೇಕು, ಇನ್ನೊಬ್ಬರು ಅದನ್ನು ಒಪ್ಪಬೇಕು. ಅವರಲ್ಲಿ ಒಬ್ಬರು ರಜೆ ಹೋದರೆ ಆ ತಿಂಗಳು ಹೋಯಿತು. ನನಗೆ ಮೊದಲ ಕಂತು ಬಂದಾಗ ಕೋರ್ಸ್‌ವರ್ಕ್, ಅಂದರೆ ಪಿಎಚ್.ಡಿ ಶುರುವಿನ ತರಗತಿಗಳು, ಮುಗಿಯುತ್ತಾ ಬಂದಿತ್ತು. ಕಚೇರಿಗೆ ಹೋದಾಗೆಲ್ಲ "ಫೈಲ್ ಮೇಲೆ ಹೋಗಿದೆ" ಅನ್ನುತ್ತಿದ್ದರು. ಎಷ್ಟು ಮೇಲೆ ಅಂತ ಇವತ್ತಿಗೂ ಗೊತ್ತಿಲ್ಲ. ಅಪ್ಪ ಮೇಷ್ಟ್ರಾಗಿರುವ ಮನೆಯವರು ಆ ತಿಂಗಳುಗಳನ್ನು ಮನೆಯ ದುಡ್ಡಿನಲ್ಲಿ ದಾಟಿಸುತ್ತಾರೆ. ಸೋಮವಾರದ ಸಂತೆಯ ದುಡ್ಡಿನಲ್ಲಿ ಬದುಕುವ ಮನೆಯವರು ಬಡ್ಡಿಗೆ ತರುತ್ತಾರೆ. ಅದಕ್ಕೇ ನಾನು ಹೇಳುವುದು, 37,000 ಸಾಲದು ಅನ್ನುವುದಕ್ಕಿಂತ ಜಾಸ್ತಿ, ಅದು ಹೊತ್ತಿಗೆ ಬರುವುದಿಲ್ಲ ಅನ್ನುವುದೇ ದೊಡ್ಡ ತೊಂದರೆ. ಸೇರುವ ಮೊದಲು ಅದೇ ವಿಭಾಗದ ಸೀನಿಯರ್‌ಗಳನ್ನು ಹುಡುಕಿ, "ನಿಮಗೆ ಮೊದಲ ದುಡ್ಡು ಎಷ್ಟು ತಿಂಗಳಿಗೆ ಬಂತು?" ಅಂತ ಕೇಳಿ. ಗೈಡ್ ಯಾರು ಅನ್ನುವಷ್ಟೇ ಮುಖ್ಯ ಇದು. ಅಷ್ಟು ತಿಂಗಳ ಊಟ, ರೂಮಿನ ಲೆಕ್ಕ ಹಾಕಿಕೊಂಡೇ ಬನ್ನಿ.

ದುಡ್ಡು ಬಂದ ಮೇಲೆ ಮನೆಯಲ್ಲಿ ಅದಕ್ಕೆ ಹೆಸರು "ಪಗಾರ". ತಂಗಿಯ ಫೀಸು, ಅವ್ವನ ಔಷಧಿ, ಸೊಸೈಟಿ ಸಾಲ ಎಲ್ಲ ಅದರಲ್ಲೇ. ಬೇಡ ಅನ್ನಲು ನಾನು ಯಾರು? ಒಂದು ಮಾತು ಮಾತ್ರ ನಿಜ. ಮಗಳ ಖಾತೆಗೆ ದುಡ್ಡು ಬೀಳಲು ಶುರುವಾದರೆ ವರ ನೋಡುವ ಅವಸರ ತುಸು ತಗ್ಗುತ್ತದೆ. ಇದು ಯಾವ ಮಾರ್ಗಸೂಚಿಯಲ್ಲೂ ಬರೆದಿಲ್ಲ.

ಕ್ಷೇತ್ರಕಾರ್ಯದ ಖರ್ಚನ್ನು ಯಾರೂ ಮೊದಲೇ ಲೆಕ್ಕ ಹಾಕುವುದಿಲ್ಲ. ಜೆಆರ್‌ಎಫ್‌ನಲ್ಲಿ ಕಲಾ ವಿಷಯಗಳಿಗೆ ಕಂಟಿಂಜೆನ್ಸಿ (ಸಂಶೋಧನೆಯ ಇತರ ಖರ್ಚಿನ ಹಣ) ಮೊದಲ ಎರಡು ವರ್ಷ ವರ್ಷಕ್ಕೆ 10,000, ಆಮೇಲೆ 20,500. ಕೂಲಿ ಹೆಂಗಸರನ್ನು ಮಾತಾಡಿಸಬೇಕು ಅಂದರೆ ಅವರು ಸಿಗುವುದು ಸಂಜೆ, ಅಡುಗೆಯ ಹೊತ್ತಿಗೆ. ಮಾತು ಮುಗಿಯುವಷ್ಟರಲ್ಲಿ ಕೊನೆಯ ಬಸ್ ಹೋಗಿರುತ್ತದೆ. ಉಳಿಯಲು ಗೊತ್ತಿರುವ ಮನೆ ಬೇಕು. ಆಮೇಲೆ ರೆಕಾರ್ಡಿಂಗ್ ಎಲ್ಲ ಬರಹಕ್ಕಿಳಿಸಬೇಕು, ಟೈಪಿಂಗ್, ಬೈಂಡಿಂಗ್. ಇದರಲ್ಲಿ ನಿಜವಾಗಿ ಕೈಹಿಡಿದದ್ದು ಶಕ್ತಿ ಯೋಜನೆ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ ಅಲ್ವಾ? ನನ್ನ ವಿದ್ಯಾರ್ಥಿನಿಯರು ಈಗ ಒಂದೇ ಹಳ್ಳಿಗೆ ಮತ್ತೆ ಮತ್ತೆ ಹೋಗುತ್ತಾರೆ. ಮೊದಲಾದರೆ ಒಮ್ಮೆ ಹೋಗಿ ಪ್ರಶ್ನಾವಳಿ ತುಂಬಿಸಿಕೊಂಡು ಬರುತ್ತಿದ್ದರು. ಪ್ರಬಂಧದಲ್ಲಿ ಆ ವ್ಯತ್ಯಾಸ ಕಾಣುತ್ತದೆ.

ಮಗು ಆದರೆ? 2022ರ ಯುಜಿಸಿ ನಿಯಮದ ಪ್ರಕಾರ ಪಿಎಚ್.ಡಿ ಅವಧಿಯಲ್ಲಿ 240 ದಿನದವರೆಗೆ ಹೆರಿಗೆ ಅಥವಾ ಶಿಶುಪಾಲನೆ ರಜೆ ಇದೆ. ಪ್ರಬಂಧ ಮುಗಿಸಲು ಹೆಂಗಸರಿಗೆ ಎರಡು ವರ್ಷ ಹೆಚ್ಚು ಸಮಯವೂ ಇದೆ. ಆದರೆ ಜೆಆರ್‌ಎಫ್ ಐದು ವರ್ಷಕ್ಕೆ ನಿಲ್ಲುತ್ತದೆ. ಸಮಯ ಹಿಗ್ಗುತ್ತದೆ, ದುಡ್ಡು ಹಿಗ್ಗುವುದಿಲ್ಲ.

ಕೊನೆಗೆ ಉಳಿಯುವ ಪ್ರಶ್ನೆ ಅತಿಥಿ ಉಪನ್ಯಾಸಕಿಯರದ್ದು. "ಕೆಲಸ ಬಿಟ್ಟು ಪೂರ್ಣಾವಧಿ ಸೇರಲಾ, ಕೆಲಸದ ಜೊತೆ ಪಾರ್ಟ್ ಟೈಮ್ ಮಾಡಲಾ?" ಪಾರ್ಟ್ ಟೈಮ್‌ನವರಿಗೆ ಜೆಆರ್‌ಎಫ್ ಇಲ್ಲ. ಅದು ಕೈಯಲ್ಲಿದ್ದರೆ ಯೋಚನೆ ಮಾಡಬೇಡಿ, ಬಿಟ್ಟು ಬನ್ನಿ. ಇಲ್ಲದಿದ್ದರೆ ಬಿಡಬೇಡಿ. ಕೆಲಸ ಮಾಡುತ್ತಲೇ ನೆಟ್ ಬರೆಯಿರಿ, ಎಷ್ಟು ಸಲ ಬೇಕಾದರೂ ಬರೆಯಬಹುದು. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸುತ್ತಿನಲ್ಲಿ ನಡೆಯುತ್ತದೆ. ಟಾಪಿಕ್ ಬಗ್ಗೆ ಮಾತಾಡಲು ಯಾವಾಗ ಬೇಕಾದರೂ ನನ್ನ ಹತ್ತಿರ ಬನ್ನಿ, ಆದರೆ ನೆಟ್ ಅರ್ಜಿ ಹಾಕಿಯೇ ಬನ್ನಿ.