ಟರ್ಬೊ ಗಾಡಿ ಪೆಟ್ರೋಲ್ ಕುಡಿಯೋದು ಯಾಕೆ? ಒಂದು ಹುಡುಕಾಟದ ಲೆಕ್ಕ

ಗಾಡಿ: 1.0 ಲೀಟರ್, ಮೂರು ಸಿಲಿಂಡರ್, ಟರ್ಬೊ ಪೆಟ್ರೋಲ್, ಮ್ಯಾನುಯಲ್ ಗೇರ್, ಸೆಕೆಂಡ್ ಹ್ಯಾಂಡ್. ಕಾಯಿಲೆ: ದಾವಣಗೆರೆ ಊರೊಳಗೆ ಲೀಟರಿಗೆ 9.4 ಕಿ.ಮೀ., ಹೈವೇಯಲ್ಲಿ 90ರ ವೇಗಕ್ಕೆ 14.5ರ ಆಸುಪಾಸು.

ತೋರಿಸಿದ ಕಡೆಯೆಲ್ಲ ಸಿಕ್ಕಿದ ಉತ್ತರ ಒಂದೇ: "ಟರ್ಬೊ ಗಾಡಿ ಅಂದ್ಮೇಲೆ ಇಷ್ಟೇ ಸಾರ್, ಕುಡೀತದೆ." ಇದು ನನಗೆ ಒಪ್ಪಿಗೆಯಾಗಲಿಲ್ಲ. ಟರ್ಬೊ ತಿರುಗುವುದು ಸೈಲೆನ್ಸರ್ ಕಡೆ ಸುಮ್ನೆ ಹೊರಟಿದ್ದ ಹೊಗೆಯ ಬಲದಿಂದ. ಇಂಜಿನ್ ಚಿಕ್ಕದಾಗಿಟ್ಟು, ಬೇಕಾದಾಗ ಮಾತ್ರ ಹೆಚ್ಚು ಗಾಳಿ ತುಂಬಲಿ ಅಂತಲೇ ಅದನ್ನು ಹಾಕುವುದು. ಕಾಲು ಒತ್ತಿದಾಗ ಕುಡಿದರೆ ಸರಿ. ಮೆತ್ತಗೆ ಓಡಿಸಿದಾಗಲೂ ಕುಡಿಯುತ್ತದೆ ಅಂದ್ರೆ ಟರ್ಬೊ ಮೇಲೆ ಗೂಬೆ ಕೂರಿಸಿ ಪ್ರಯೋಜನವಿಲ್ಲ.

ಅಳತೆ

ಮೀಟರ್ ಬೋರ್ಡಿನ ಮೈಲೇಜ್ ಅಂಕಿಯನ್ನು ಮೊದಲ ದಿನವೇ ಕೈಬಿಟ್ಟೆ. ಅದು ಯಾವಾಗಲೂ ಒಂದು ಕಿ.ಮೀ. ಜಾಸ್ತಿಯೇ ಹೇಳುತ್ತದೆ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸುವ ಹಳೆ ಲೆಕ್ಕವೇ ಗಟ್ಟಿ. ಆದರೆ ಅದರಲ್ಲೂ ಒಂದು ತೊಡಕಿದೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬಂದರೆ ಹತ್ತಿರ ಹತ್ತಿರ 120 ಕಿ.ಮೀ., ಪೆಟ್ರೋಲ್ 8 ಲೀಟರ್. ನಳಿಕೆ ಅರ್ಧ ಲೀಟರ್ ಮೊದಲೇ ಕಟ್ ಆದರೆ 15 ಇದ್ದ ಮೈಲೇಜ್ 16 ಆಗಿಬಿಡುತ್ತದೆ. ಒಂದು ಸಲ ಹೋಗಿ ಬಂದು "ಎರಡು ಕಿ.ಮೀ. ಏರಿತು" ಅನ್ನುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹಾಗಾಗಿ ಒಂದೇ ಬಂಕ್, ಅದೇ ಪಂಪ್, ಮೊದಲ ಕಟ್‌ಗೇ ನಿಲ್ಲಿಸುವುದು, ಟ್ಯಾಂಕ್ ಮುಕ್ಕಾಲು ಖಾಲಿಯಾದ ಮೇಲೇ ಲೆಕ್ಕ ಹಾಕುವುದು ಅಂತ ನಿಯಮ ಮಾಡಿಕೊಂಡೆ. ಹೈವೇ ಕಿಲೋಮೀಟರ್ ಕಲ್ಲುಗಳ ಜೊತೆ ಓಡೋಮೀಟರ್ ಕೂಡ ತಾಳೆ ನೋಡಿದೆ. ಸರಿಯಿತ್ತು.

ಇನ್ನೊಂದು ವಿಷಯ, ಇದು ನಮ್ಮ ಕಡೆಯವರಿಗೇ ಮೀಸಲು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ 730ರ ಹತ್ತಿರ. ಹೋಗುವಾಗ ಏರು, ಬರುವಾಗ ಇಳಿಜಾರು. ಬರುವಾಗ ಮೈಲೇಜ್ ಜಾಸ್ತಿ ಬರಬೇಕು ಅಲ್ವಾ? ಆಷಾಢದಲ್ಲಿ ಹಾಗಾಗುವುದಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲ. ಆ ತಿಂಗಳುಗಳಲ್ಲಿ ಪಡುವಣ ಗಾಳಿ ಬೀಸಿ ಬೀಸಿ ಹೊಡೆಯುತ್ತದೆ. ನಮ್ಮ ರಸ್ತೆ ಹೆಚ್ಚುಕಡಿಮೆ ಪೂರ್ವಕ್ಕೇ ಹೋಗುವುದರಿಂದ ಹೋಗುವಾಗ ಅದು ಬೆನ್ನಿಗೆ, ಬರುವಾಗ ಎದುರಿಗೆ. 1,200 ಕಿಲೋ ಗಾಡಿಯನ್ನು 130 ಮೀಟರ್ ಮೇಲೆತ್ತಲು ಬೇಕಾದ ಪೆಟ್ರೋಲ್ ಲೆಕ್ಕ ಹಾಕಿದರೆ ಸುಮಾರು 150 ಎಂ.ಎಲ್. ಅಷ್ಟೇ. ಅದೇ 90ರಲ್ಲಿ ಹೋಗುವಾಗ ಎದುರಿನಿಂದ 20 ಕಿ.ಮೀ. ವೇಗದ ಗಾಳಿ ಬಂದರೆ ಗಾಳಿಯ ತಡೆ ಒಂದೂವರೆ ಪಟ್ಟು ಆಗುತ್ತದೆ. ಏರಿಗಿಂತ ಗಾಳಿಯೇ ದುಬಾರಿ. ಹೋಗಿದ್ದು ಬಂದಿದ್ದು ಎರಡೂ ಸೇರಿಸದೆ ಈ ರಸ್ತೆಯಲ್ಲಿ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಸುಲಭದ ಅನುಮಾನಗಳು

ಟೈರ್ ಗಾಳಿ: ಬಾಗಿಲಿನ ಸ್ಟಿಕ್ಕರ್ ಪ್ರಕಾರ 33, ಟೈರ್ ತಣ್ಣಗಿರುವಾಗ ಸ್ವಂತ ಗೇಜ್‌ನಲ್ಲಿ ನೋಡಿ ಹಾಕಿದೆ. ಬ್ರೇಕ್ ಹಿಡಿದುಕೊಂಡಿದೆಯಾ ಅಂತ ನೋಡಲು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ. ಮುಂದಿನ ಎರಡೂ ಚಕ್ರಗಳ ಬಿಸಿ ಹೆಚ್ಚುಕಡಿಮೆ ಒಂದೇ. ಏರ್ ಫಿಲ್ಟರ್ ತೆಗೆದರೆ ಅಕ್ಕಿ ಗಿರಣಿಯಿಂದ ಬಂದ ಹಾಗಿತ್ತು, ಬದಲಾಯಿಸಿದೆ. ಪಿಕಪ್ ಸ್ವಲ್ಪ ಚುರುಕಾಯಿತು, ಮೈಲೇಜ್ ಅಲ್ಲಾಡಲಿಲ್ಲ. ಅದು ಸಹಜವೇ. ಪೆಟ್ರೋಲ್ ಇಂಜಿನ್ನಿನಲ್ಲಿ ಥ್ರಾಟಲ್ (ಕಾಲು ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಹೇಗೂ ಗಾಳಿಯನ್ನು ತಡೆದೇ ಇರುತ್ತದೆ. ಫಿಲ್ಟರ್ ಒಂದಿಷ್ಟು ತಡೆದರೆ ಕಾಲು ಇನ್ನೊಂದಿಷ್ಟು ಒತ್ತುತ್ತದೆ. ಪೆಟ್ರೋಲ್ ಎಷ್ಟು ಹಾಕಬೇಕು ಅಂತ ತೀರ್ಮಾನಿಸುವ ಇಸಿಯು, ಅಂದ್ರೆ ಇಂಜಿನ್ನಿನ ಕಂಪ್ಯೂಟರ್, ಒಳಗೆ ಬಂದ ಗಾಳಿಯನ್ನಷ್ಟೇ ನೋಡುತ್ತದೆ.

ಆಮೇಲೆ ಆ ಕಂಪ್ಯೂಟರಿನ ಅಂಕಿ ಓದಲು ಇರುವ ಒಬಿಡಿ ಪೋರ್ಟ್‌ಗೆ ಬ್ಲೂಟೂತ್ ಡಾಂಗಲ್ ಚುಚ್ಚಿ ಫೋನಿನಲ್ಲಿ ಅಂಕಿ ಓದಲು ಶುರು ಮಾಡಿದೆ. ಇಗ್ನಿಷನ್ ಆನ್ ಇದ್ದು ಇಂಜಿನ್ ಆಫ್ ಇದ್ದಾಗ ಮ್ಯಾಪ್ ಸೆನ್ಸರ್ (ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ನಮ್ಮ ಎತ್ತರಕ್ಕೆ ಅದು ಸುಮಾರು 94 ಕಿಲೋಪಾಸ್ಕಲ್. 101 ಬರಲಿಲ್ಲ ಅಂತ ಸೆನ್ಸರ್ ಬದಲಿಸಬೇಡಿ. 101 ಅನ್ನುವುದು ಸಮುದ್ರದಂಡೆಯ ಲೆಕ್ಕ. ನನ್ನದು 94 ತೋರಿಸಿತು, ಸೆನ್ಸರ್ ಚೆನ್ನಾಗಿದೆ.

ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ +4ರಿಂದ +5. ಅಂದ್ರೆ ಇಸಿಯು ತನ್ನ ಮೂಲ ಲೆಕ್ಕಕ್ಕಿಂತ ಅಷ್ಟು ಶೇಕಡಾ ಹೆಚ್ಚು ಪೆಟ್ರೋಲ್ ಹಾಕುತ್ತಿದೆ. ಇದರ ಹಿಂದೆ ಇ20 ಇದೆ, ಅಂದ್ರೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್. ಬರೀ ಪೆಟ್ರೋಲ್ ಸರಿಯಾಗಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ 9 ಪಾಲು ಸಾಕು. ಹಾಗಾಗಿ ಅಷ್ಟೇ ಗಾಳಿಗೆ ಇ20 ಸ್ವಲ್ಪ ಜಾಸ್ತಿ ಸುರಿಯಬೇಕಾಗುತ್ತದೆ. ಎಥನಾಲ್ ಲೀಟರ್ ಲೆಕ್ಕದಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ ಶಕ್ತಿ ಕೊಡುತ್ತದೆ. ಇ10ಕ್ಕೆ ಟ್ಯೂನ್ ಆದ ನನ್ನಂಥ ಗಾಡಿಗೆ ಇ20 ಹಾಕಿದರೆ ಮೂರು ನಾಲ್ಕು ಶೇಕಡಾ ಹೋಯಿತು ಅಂತಲೇ ಲೆಕ್ಕ. ಈಗ ಬಂಕ್ ಮುಂದೆ ನಿಂತು ಎಲ್ಲವನ್ನೂ ಎಥನಾಲ್ ತಲೆಗೆ ಕಟ್ಟುವವರು ತುಂಬಾ ಜನ. ಅದರ ಪಾಲು ಇದೆ, ನಿಜ. ಆದರೆ 17 ಕೊಡಬೇಕಾದ ಗಾಡಿ 14.5ಕ್ಕೆ ಇಳಿಯಲು ಅದೊಂದೇ ಸಾಲದು.

ಗಾಳಿ ಸೋರಿಕೆ

ಟರ್ಬೊ ತುಂಬಿದ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಕೆಳಗಿನ ಪೈಪಿನ ಜೋಡಣೆಯಲ್ಲಿ ಎಣ್ಣೆ ಪಸೆ, ಅದಕ್ಕೆ ಅಂಟಿದ ಧೂಳು ಕಂಡಿತು. ಕಳ್ಳ ಸಿಕ್ಕಿದ ಅಂದುಕೊಂಡೆವು, ನಾನೂ ಮೆಕ್ಯಾನಿಕ್ಕೂ. ಪಿವಿಸಿ ಮುಚ್ಚಳಕ್ಕೆ ಟೈರ್ ವಾಲ್ವ್ ಕೂರಿಸಿ, ಏರ್ ಫಿಲ್ಟರ್ ಕಡೆಯ ಪೈಪಿಗೆ ಕ್ಲ್ಯಾಂಪ್ ಹಾಕಿ ಬಿಗಿದು, ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ ಹುಷಾರಾಗಿ 8 ಪಿಎಸ್‌ಐ ಗಾಳಿ ಕೊಟ್ಟೆವು. ಅದಕ್ಕಿಂತ ಜಾಸ್ತಿ ಕೊಡಬೇಡಿ, ಬ್ರೀದರ್ ಪೈಪ್ ಮೂಲಕ ಇಂಜಿನ್ ಒಳಗಿನ ಆಯಿಲ್ ಸೀಲ್‌ಗಳ ಮೇಲೂ ಒತ್ತಡ ಬೀಳುತ್ತದೆ. ಸೋಪಿನ ನೀರು ಸಿಂಪಡಿಸಿದರೆ ಅದೇ ಜೋಡಣೆಯಲ್ಲಿ ಬುರುಬುರು ಗುಳ್ಳೆ. ಹೊಸ ಕ್ಲ್ಯಾಂಪ್ ಹಾಕಿದೆವು.

ಓವರ್‌ಟೇಕ್ ಮಾಡುವಾಗ ಗಾಡಿ ಈಗ ಹಿಂದೇಟು ಹಾಕುವುದಿಲ್ಲ. ಮೈಲೇಜ್ ಮಾತ್ರ ಅದೇ. ಈ ಇಂಜಿನ್ ಗಾಳಿಯನ್ನು ಅಳೆಯುವುದು ಥ್ರಾಟಲ್ ಆದಮೇಲೆ, ಮ್ಯಾಪ್ ಸೆನ್ಸರ್‌ನಿಂದ. ಅದಕ್ಕೂ ಮೊದಲೇ ಸೋರಿದ ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಏರ್ ಫಿಲ್ಟರ್ ಪಕ್ಕದಲ್ಲೇ ಗಾಳಿ ಅಳೆಯುವ ಮ್ಯಾಫ್ ಸೆನ್ಸರ್ ಇರುವ ಗಾಡಿಯಾಗಿದ್ದರೆ ಕಥೆಯೇ ಬೇರೆ. ಅಲ್ಲಿ ಅಳೆದ ಗಾಳಿ ಹೊರಗೆ ಹೋಗುತ್ತದೆ, ಅದಕ್ಕೆ ಸುರಿದ ಪೆಟ್ರೋಲ್ ಮಾತ್ರ ಒಳಗೆ ಹೋಗುತ್ತದೆ.

ನೀರಿನ ಬಿಸಿ

ಇಷ್ಟು ದಿನ ಕಣ್ಣೆದುರೇ ಇದ್ದ ಎರಡು ಸುಳಿವು ಇಲ್ಲಿಗೆ ಸೇರಿಕೊಂಡವು. ಒಂದು, ಸಿಗ್ನಲ್‌ನಲ್ಲಿ ಇಂಜಿನ್ ತಾನೇ ಆಫ್ ಆಗುವ ಸೌಲಭ್ಯ ಅಪರೂಪಕ್ಕೆ ಕೆಲಸ ಮಾಡುತ್ತಿತ್ತು. ಬ್ಯಾಟರಿ ವೀಕ್ ಅಂತ ಎಲ್ಲರೂ ಹೇಳಿದ್ದರು. ಎರಡು, ಏಪ್ರಿಲ್ ಬಿಸಿಲಲ್ಲಿ ಎಸಿ ಹಾಕಿಕೊಂಡೇ ಓಡಿಸಿದರೂ ಚಳಿಗಾಲಕ್ಕಿಂತ ಮೈಲೇಜ್ ಒಂದು ಚೂರು ಮೇಲಿತ್ತು. ಎಸಿ ಹಾಕಿದರೆ ಇಳಿಯಬೇಕಿತ್ತು.

ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಟೆಂಪರೇಚರ್ ಅನ್ನು ದಾರಿಯುದ್ದಕ್ಕೂ ರೆಕಾರ್ಡ್ ಮಾಡಿದೆ. ಪಿ.ಬಿ. ರೋಡ್ ಟ್ರಾಫಿಕ್‌ನಲ್ಲಿ ನಿಧಾನಕ್ಕೆ 84ರವರೆಗೆ ಏರಿತು. ಹೈವೇ ಹತ್ತಿ ಆನಗೋಡು ದಾಟುವಷ್ಟರಲ್ಲಿ 68ಕ್ಕೆ ಇಳಿದು ಅಲ್ಲೇ ನಿಂತಿತು. ಓಡುತ್ತಿರುವ ಇಂಜಿನ್ ತಣ್ಣಗಾಗುವುದು! ಇಂಜಿನ್ ಬಿಸಿಯಾಗುವ ತನಕ ಕೂಲೆಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ಥರ್ಮೋಸ್ಟಾಟ್ ತೆರೆದೇ ಉಳಿದಿದೆ ಅನ್ನಲು ಬೇರೆ ಸಾಕ್ಷಿ ಬೇಡ. ಸ್ಕ್ಯಾನ್ ಮಾಡಿದರೆ ಪಿ-0128 ಕೋಡ್ (ಕೂಲೆಂಟ್ ಸಾಕಷ್ಟು ಬಿಸಿಯಾಗುತ್ತಿಲ್ಲ ಅನ್ನುವುದು) ಪೆಂಡಿಂಗ್ ಪಟ್ಟಿಯಲ್ಲಿ ಕೂತಿತ್ತು. ಪೆಂಡಿಂಗ್ ಆದ್ದರಿಂದ ಚೆಕ್ ಇಂಜಿನ್ ದೀಪ ಹತ್ತಿರಲಿಲ್ಲ. ಬೋರ್ಡಿನಲ್ಲಿ ಟೆಂಪರೇಚರ್ ಮುಳ್ಳೂ ಇಲ್ಲ, ಬರೀ ನೀಲಿ ದೀಪ. ಅದು ಸ್ವಲ್ಪ ಬಿಸಿಯಾದ ಕೂಡಲೇ ಆರಿಹೋಗುತ್ತದೆ. ಮುಳ್ಳು ತೆಗೆದು ದೀಪ ಇಟ್ಟವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಇಂಜಿನ್ ತಣ್ಣಗಿದೆ ಅಂದುಕೊಂಡ ಇಸಿಯು ಮಿಶ್ರಣವನ್ನು ದಪ್ಪವಾಗಿಯೇ ಇಡುತ್ತದೆ. ಬೇಕು ಅಂತಲೇ ಹಾಗೆ ಮಾಡುವುದರಿಂದ ಟ್ರಿಮ್ ಅಂಕಿಯಲ್ಲಿ ಅದು ಕಾಣುವುದಿಲ್ಲ. ಆಯಿಲ್ ಗಟ್ಟಿಯಾಗಿಯೇ ಇದ್ದು ಒಳಗಿನ ತಿಕ್ಕಾಟವೂ ಜಾಸ್ತಿ. ಇಂಜಿನ್ ಸಾಕಷ್ಟು ಬಿಸಿಯಾಗದ ತನಕ ಸಿಗ್ನಲ್‌ನಲ್ಲಿ ಅದು ತಾನೇ ಆಫ್ ಆಗುವುದೂ ಇಲ್ಲ. ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 39-40 ಡಿಗ್ರಿ, ಹಾಗಾಗಿ ಕಾಯಿಲೆ ಸ್ವಲ್ಪ ಮರೆಯಾಗಿತ್ತು.

ಬಿಚ್ಚಿದಾಗ ಹಳೆ ಥರ್ಮೋಸ್ಟಾಟ್ ಕೈಯಲ್ಲಿ ಹಿಡಿದರೂ ಬಾಯಿ ತೆರೆದೇ ಇತ್ತು. ಅದರೊಳಗಿನ ಮೇಣ 82 ಡಿಗ್ರಿಗೆ ಕರಗಿ ವಾಲ್ವ್ ತಳ್ಳಬೇಕು, ತಣ್ಣಗಾದರೆ ಸ್ಪ್ರಿಂಗ್ ಮುಚ್ಚಬೇಕು. ಇದರ ಸಂದಿನಲ್ಲಿ ಬಿಳಿ ಗಸಿ ಗಟ್ಟಿಯಾಗಿ ಕೂತಿತ್ತು. ಹಿಂದೆ ಯಾರೋ ಕೂಲೆಂಟ್ ಬದಲು ಬೋರ್‌ವೆಲ್ ನೀರು ಹಾಕಿದ್ದಾರೆ ಅಂತ ಕಾಣುತ್ತದೆ. ನಮ್ಮ ಕಡೆ ಬೋರ್ ನೀರು ಸ್ಟೀಲ್ ಪಾತ್ರೆಯನ್ನೇ ಬಿಡುವುದಿಲ್ಲ. ಹೊಸದನ್ನು ಹಾಕುವ ಮೊದಲು ಪಾತ್ರೆಯ ನೀರಲ್ಲಿ ನೇತುಹಾಕಿ ಕುದಿಸಿ, 82ರ ಹತ್ತಿರ ತೆರೆಯುತ್ತದಾ ಅಂತ ನೋಡಿಕೊಂಡೆ. ಡಿಸ್ಟಿಲ್ಡ್ ವಾಟರ್‌ನಿಂದ ತೊಳೆದು, ಕೂಲೆಂಟ್ ಅರ್ಧ ನೀರು ಅರ್ಧ ತುಂಬಿಸಿ, ಹೀಟರ್ ಫುಲ್ ಇಟ್ಟು ಗಾಳಿ ಬಿಟ್ಟೆವು. ಸಾಮಾನಿಗೂ ಕೂಲಿಗೂ ಸೇರಿ ಆದ ಖರ್ಚು ಒಂದು ಫುಲ್ ಟ್ಯಾಂಕ್‌ಗಿಂತ ಸ್ವಲ್ಪ ಜಾಸ್ತಿ.

ಈಗಿನ ಸ್ಥಿತಿ

ಕೂಲೆಂಟ್ ಈಗ ಹೈವೇಯಲ್ಲೂ 88ರಿಂದ 91ರ ನಡುವೆ ನಿಲ್ಲುತ್ತದೆ. ಇಂಜಿನ್ ಸಿಗ್ನಲ್‌ನಲ್ಲಿ ತಾನೇ ಆಫ್ ಆಗುತ್ತದೆ, ಬ್ಯಾಟರಿ ಅದೇ ಹಳೆಯದು. ಚಿತ್ರದುರ್ಗ ದಾರಿಯಲ್ಲಿ 90ರ ವೇಗಕ್ಕೆ ಹೋಗಿ ಬಂದ ಸರಾಸರಿ 16.4. ಊರೊಳಗೆ 10.8. ಊರಿನ ಅಂಕಿ ಇದಕ್ಕಿಂತ ಏರುವ ಆಸೆ ನನಗಿಲ್ಲ. ಮೂರು ಕಿ.ಮೀ. ಓಡಾಟದಲ್ಲಿ ಯಾವ ಇಂಜಿನ್ನೂ ಬಿಸಿಯಾಗುವುದಿಲ್ಲ.

ಉಳಿದದ್ದು ಕಾಲಿನ ಕೆಲಸ. 100ರ ಬದಲು 80ರಲ್ಲಿ ಹೋದರೆ ಗಾಳಿಯ ತಡೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಹಾಗೆ ಹೋದಾಗ 18 ದಾಟಿದೆ, ಆದರೆ ಹಿಂದಿನ ಲಾರಿಯವರ ಹಾರ್ನ್ ಕೇಳಿಕೊಂಡು ಹೋಗುವ ತಾಳ್ಮೆ ಬೇಕು. ಏರಿನಲ್ಲಿ ಐದನೇ ಗೇರ್‌ನಲ್ಲೇ ಎಳೆಯುವ ಅಭ್ಯಾಸವನ್ನೂ ಬಿಟ್ಟೆ. 1,400 ಆರ್‌ಪಿಎಂನಲ್ಲಿ ಕಾಲು ಒತ್ತಿದರೆ ಬೂಸ್ಟ್ ಏರಿ, ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುವುದು) ಆಗದಿರಲಿ ಅಂತ ಇಸಿಯು ಕಿಡಿಯ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ. ಅಲ್ಲಿ ನಾಲ್ಕನೇ ಗೇರ್ ಹಾಕಿದರೆ ಖರ್ಚು ಕಡಿಮೆ. ಮ್ಯಾಪ್ 94ರ ಕೆಳಗೆ ಇರುವ ತನಕ ಟರ್ಬೊ ಗಾಳಿ ತುಂಬುತ್ತಿಲ್ಲ ಅಂತ ಅರ್ಥ. ನಾನು ಈಗ ಆ ಅಂಕಿ ನೋಡಿಕೊಂಡೇ ಓಡಿಸುತ್ತೇನೆ.

ಆಕ್ಟೇನ್ ಬೂಸ್ಟರ್ ಬಾಟಲಿಗೆ, ಪೆಟ್ರೋಲ್ ಪೈಪಿಗೆ ಕಟ್ಟುವ ಆಯಸ್ಕಾಂತಕ್ಕೆ ಒಂದು ರೂಪಾಯಿಯೂ ಖರ್ಚು ಮಾಡಿಲ್ಲ, ಮಾಡುವುದೂ ಇಲ್ಲ. ಸ್ಪಾರ್ಕ್ ಪ್ಲಗ್‌ಗಳ ಅವಧಿ ಮುಗಿಯುತ್ತಾ ಬಂದಿದೆ. ಟರ್ಬೊ ಇಂಜಿನ್ನಿಗೆ ಗ್ಯಾಪ್ ಸಣ್ಣದಿರಬೇಕು, ನನ್ನದರ ಮ್ಯಾನುಯಲ್ ಪ್ರಕಾರ 0.7ರಿಂದ 0.8 ಮಿ.ಮೀ. ಹಳೆಯವನ್ನು ಬಿಚ್ಚಿ ಗ್ಯಾಪ್ ಅಳೆಯುವುದು ಮುಂದಿನ ಭಾನುವಾರದ ಕೆಲಸ.