ಮಳೆಗಾಲಕ್ಕೆ ಮೊದಲು ಟೈರ್: ಮುಂಬಯಿ, ಪುಣೆಯಲ್ಲಿ ಎಲ್ಲಿ ಕೊಳ್ಳುವುದು, ಏನು ನೋಡಿ ಕೊಳ್ಳುವುದು

ಮುಂಬಯಿಯ ಸೊಸೈಟಿಗಳಲ್ಲಿರುವ ಎಷ್ಟೋ ಕಾರುಗಳ ಟೈರ್ ಓಡಿ ಸವೆಯುವುದಿಲ್ಲ, ನಿಂತಲ್ಲೇ ಹಳತಾಗುತ್ತದೆ. ವಾರವಿಡೀ ಲೋಕಲ್ ಟ್ರೇನು, ಭಾನುವಾರ ಒಂದು ಸುತ್ತು, ರಜೆಯಲ್ಲಿ ಊರು. ಟ್ರೆಡ್, ಅಂದರೆ ರಸ್ತೆಗೆ ತಾಗುವ ಮೈಯ ಕಾಲುವೆ ನೋಡಿದರೆ ಇನ್ನೂ 5 ಮಿಲಿಮೀಟರ್ ಆಳ ಇರುತ್ತದೆ. ಪಕ್ಕಕ್ಕೆ ಮೊಬೈಲ್ ಟಾರ್ಚ್ ಹಿಡಿದರೆ ಕೂದಲೆಳೆಯಂಥ ಬಿರುಕುಗಳು ಕಾಣುತ್ತವೆ. ಅದೇ ಟೈರಿನ ಮೇಲೆ ಐದು ಜನ ಕೂತು, ಡಿಕ್ಕಿ ತುಂಬ ಸಾಮಾನು ಹೇರಿ ಮಂಗಳೂರಿಗೋ ಹುಬ್ಬಳ್ಳಿಗೋ ಹೊರಡುತ್ತೇವೆ. ಹಾಗಾಗಿ ಬೆಲೆ ವಿಚಾರಿಸುವ ಮೊದಲು ಟೈರ್ ತಯಾರಾದ ತಾರೀಖು ಓದಲು ಕಲಿಯಬೇಕು.

ಟೈರಿನ ಪಕ್ಕದಲ್ಲಿ ಡಾಟ್ (DOT) ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2325 ಎಂದಿದ್ದರೆ 2025ರ 23ನೇ ವಾರ, ಅಂದರೆ ಜೂನ್ ಮೊದಲ ವಾರದ ಮಾಲು. ಈ ಅಂಕಿ ಹೆಚ್ಚಾಗಿ ಒಂದೇ ಪಕ್ಕದಲ್ಲಿರುತ್ತದೆ. ಹೊರಗೆ ಕಾಣದಿದ್ದರೆ ಒಳಬದಿಯಲ್ಲಿ ಹುಡುಕಿ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ಬಿಚ್ಚಿಸಿ ನೋಡಿಸಬೇಕು. ಹತ್ತು ವರ್ಷವಾಯಿತೆಂದರೆ ಟ್ರೆಡ್ ಎಷ್ಟೇ ಇರಲಿ, ಸ್ಟೆಪ್ನಿಯಲ್ಲಿ ಮುಟ್ಟದೇ ಬಿದ್ದಿರಲಿ, ತೆಗೆಯಲೇಬೇಕು. ಹೊಸದನ್ನು ಕೊಳ್ಳುವಾಗ ಆರು ತಿಂಗಳೊಳಗಿನದು ಸಿಕ್ಕರೆ ಒಳ್ಳೆಯದು, ಒಂದು ವರ್ಷದವರೆಗೆ ಒಪ್ಪಬಹುದು. ಅದಕ್ಕಿಂತ ಹಳೆಯದನ್ನು ಪೂರ್ತಿ ಬೆಲೆಗೆ ತೆಗೆದುಕೊಳ್ಳಬೇಡಿ. ನಾಲ್ಕೂ ಟೈರಿನ ಅಂಕಿ ಬೇರೆ ಬೇರೆ ಓದಿ. ಮೂರು ಹೊಸದರ ನಡುವೆ ಒಂದು ಹಳೆಯದು ಸೇರಿಬಿಟ್ಟಿರುತ್ತದೆ.

ಸವೆತದ ವಿಷಯಕ್ಕೆ ಬಂದರೆ, ಕಾನೂನಿನ ಮಿತಿ 1.6 ಮಿಲಿಮೀಟರ್. ಟ್ರೆಡ್ಡಿನ ಕಾಲುವೆಯೊಳಗೆ ಅಡ್ಡಲಾಗಿರುವ ಪುಟ್ಟ ದಿಣ್ಣೆಗಳು ಅದರ ಗುರುತು. ಸುತ್ತಲಿನ ರಬ್ಬರ್ ಆ ದಿಣ್ಣೆಯ ಮಟ್ಟಕ್ಕೆ ಬಂತೆಂದರೆ ಟೈರ್ ಮುಗಿಯಿತು. ಆದರೆ ಕೊಂಕಣದ ಮಳೆಗೆ ಆ ಮಿತಿಯವರೆಗೆ ಕಾಯುವುದು ತಪ್ಪು. ಹೊಸ ಟೈರಿನಲ್ಲಿ 7-8 ಮಿಲಿಮೀಟರ್ ಕಾಲುವೆ ಇರುತ್ತದೆ, ನೀರು ಹೊರಹೋಗುವುದು ಅದರಲ್ಲೇ. 3 ಮಿಲಿಮೀಟರಿಗೆ ಇಳಿದಾಗ ನಿಂತ ನೀರಿನ ಮೇಲೆ ಟೈರ್ ತೇಲುವ ಅಪಾಯ ಸಾಕಷ್ಟು ಹೆಚ್ಚಿರುತ್ತದೆ. ಮೇ ತಿಂಗಳಲ್ಲಿ ಅಳೆದು, 3 ಇದ್ದರೆ ಆಗಲೇ ಬದಲಿಸಿ. ಒಳ ಅಂಚು, ಮಧ್ಯ, ಹೊರ ಅಂಚು, ಮೂರೂ ಕಡೆ ಅಳೆಯಿರಿ. ಒಳ ಅಂಚು ಮಾತ್ರ ನುಣ್ಣಗಾಗಿದ್ದರೆ ಅಲೈನ್‌ಮೆಂಟ್ (ಚಕ್ರಗಳ ನೇರ ಜೋಡಣೆ) ಕೆಟ್ಟಿರುವ ಸಾಧ್ಯತೆಯೇ ಹೆಚ್ಚು, ಅದನ್ನು ಸರಿಪಡಿಸದೆ ಹೊಸ ಟೈರ್ ಹಾಕಿದರೆ ಅದೂ ಹಾಗೇ ಹೋಗುತ್ತದೆ. ಎರಡೂ ಅಂಚು ಸವೆದು ಮಧ್ಯ ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ ಲಕ್ಷಣ. ಗುಂಡಿಗೆ ಬಿದ್ದು ಪಕ್ಕದಲ್ಲಿ ಉಬ್ಬು ಎದ್ದಿದ್ದರೆ ಒಳಗಿನ ದಾರ ಹರಿದಿದೆ ಎಂದೇ ಅರ್ಥ. ಅದಕ್ಕೆ ರಿಪೇರಿ ಇಲ್ಲ.

ಈಗ ರೇಟಿಂಗ್. ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಅಥವಾ ಕಾರಿನ ಪುಸ್ತಕದಲ್ಲಿ 165/80 ಆರ್14 85ಟಿ ಎಂಬಂಥ ಸಾಲು ಇರುತ್ತದೆ. 165 ಮಿಲಿಮೀಟರ್ ಅಗಲ, 80 ಎಂದರೆ ಅಗಲದ ಶೇಕಡಾ 80ರಷ್ಟು ಪಕ್ಕದ ಎತ್ತರ, 14 ರಿಮ್ಮಿನ ಇಂಚು. 85 ಭಾರದ ಸೂಚ್ಯಂಕ, ಒಂದು ಟೈರ್ ಹೊರಬಲ್ಲದ್ದು 515 ಕೆ.ಜಿ. ಟಿ ಎಂದರೆ ಗಂಟೆಗೆ 190 ಕಿ.ಮೀ. ವೇಗದ ಮಿತಿ, ಎಸ್ 180, ಎಚ್ 210, ವಿ 240. ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ ಘಾಟ್ ಬಿಟ್ಟು ಉಳಿದೆಡೆ 100 ಮಿತಿಯಿರುವಾಗ ಟಿ ಇದ್ದ ಕಾರಿಗೆ ವಿ ಹಾಕಿಸಲು ದುಡ್ಡು ಸುರಿಯಬೇಕಿಲ್ಲ. ಕಂಪನಿ ಕೊಟ್ಟದ್ದಕ್ಕಿಂತ ಕೆಳಗೆ ಮಾತ್ರ ಇಳಿಯಬಾರದು, ಭಾರದಲ್ಲಿ ಅಂತೂ ಖಂಡಿತ ಬೇಡ. 85ರ ಜಾಗದಲ್ಲಿ 82 ಎಂದರೆ 475 ಕೆ.ಜಿ., ಚಕ್ರವೊಂದಕ್ಕೆ 40 ಕೆ.ಜಿ. ಖೋತಾ.

ಇಲ್ಲೇ ಅಂಗಡಿಯಲ್ಲಿ ಒಂದು ಮಾತು ಬರುತ್ತದೆ: “ಆ ಸೈಜ್ ಸ್ಟಾಕ್ ಇಲ್ಲ, 175/70 ಆರ್14 ಹಾಕಿ, ಅಗಲವೂ ಜಾಸ್ತಿ.” ಲೆಕ್ಕ ಹಾಕಿ ನೋಡಿ. 14 ಇಂಚು ಎಂದರೆ 355.6 ಮಿಲಿಮೀಟರ್. 165ರ ಶೇಕಡಾ 80 ಅಂದರೆ 132. ಮೇಲೆ ಕೆಳಗೆ ಸೇರಿ 264. ಒಟ್ಟು ವ್ಯಾಸ 619.6. ಅಂಗಡಿಯವರು ಹೇಳಿದ್ದರ ವ್ಯಾಸ 355.6ಕ್ಕೆ 245 ಸೇರಿ 600.6. ಶೇಕಡಾ 3ರಷ್ಟು ಚಿಕ್ಕದು. ಕಾರು ಸುಮಾರು 9.5 ಮಿಲಿಮೀಟರ್ ಕೆಳಗಿಳಿಯುತ್ತದೆ, ಸ್ಪೀಡೋಮೀಟರ್ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ, ಕಿಲೋಮೀಟರ್ ಲೆಕ್ಕವೂ ಬೇಗ ಏರುತ್ತದೆ. ಅದೇ 185/70 ಆರ್14 ಆದರೆ 614.6, ವ್ಯತ್ಯಾಸ ಶೇಕಡಾ 1ಕ್ಕಿಂತ ಕಡಿಮೆ. ಆದರೂ ನಿಮ್ಮ ರಿಮ್ಮಿನ ಅಗಲ ಅದಕ್ಕೆ ಸಾಲುತ್ತದೆಯೇ ಎಂದು ಕೇಳಲೇಬೇಕು. ನನ್ನ ಸಲಹೆ: ಎರಡು ದಿನ ಕಾದರೂ ಪರವಾಗಿಲ್ಲ, ಸ್ಟಿಕ್ಕರಿನಲ್ಲಿರುವ ಸೈಜನ್ನೇ ತರಿಸಿ.

ಕೆಲವು ಟೈರುಗಳಲ್ಲಿ ಟ್ರೆಡ್‌ವೇರ್, ಟ್ರ್ಯಾಕ್ಷನ್, ಟೆಂಪರೇಚರ್ ಎಂದು ಮೂರು ಗುರುತು ಇರುತ್ತವೆ. ಇದು ಅಮೆರಿಕದ ಪದ್ಧತಿ. ಟ್ರೆಡ್‌ವೇರ್ ಅಂಕಿ ದೊಡ್ಡದಿದ್ದಷ್ಟೂ ಬಾಳಿಕೆ ಜಾಸ್ತಿ, ಆದರೆ ಒಂದೇ ಕಂಪನಿಯ ಮಾಡೆಲ್‌ಗಳನ್ನು ಹೋಲಿಸಲು ಮಾತ್ರ ಅದನ್ನು ನಂಬಿ. ಟ್ರ್ಯಾಕ್ಷನ್ ಎಎ, ಎ, ಬಿ, ಸಿ ಎಂದು ಇಳಿಯುತ್ತದೆ. ಒದ್ದೆ ನೆಲದಲ್ಲಿ ನೇರ ಹೋಗುವಾಗ ಬ್ರೇಕ್ ಹಿಡಿಯುವ ಶಕ್ತಿ ಅದು, ತಿರುವಿನದ್ದಲ್ಲ. ಟೆಂಪರೇಚರ್ ಎ, ಬಿ, ಸಿ ಎಂದರೆ ವೇಗದಲ್ಲಿ ಹುಟ್ಟುವ ಬಿಸಿಯನ್ನು ತಡೆಯುವ ಶಕ್ತಿ. ಬೇಸಿಗೆಯಲ್ಲಿ ಮುಂಬಯಿ–ನಾಗಪುರ ಸಮೃದ್ಧಿ ಹೆದ್ದಾರಿಯ ಕಾಂಕ್ರೀಟಿನ ಮೇಲೆ ಗಂಟೆಗಟ್ಟಲೆ ಓಡಿಸುವವರು ಇದನ್ನು ನೋಡಲೇಬೇಕು. ಸಿ ಬೇಡ. ನಮ್ಮ ಕಡೆಯ ಮಳೆಗೆ ನಾನು ಟ್ರ್ಯಾಕ್ಷನ್ನಿಗೆ ಮೊದಲ ಜಾಗ, ಬಾಳಿಕೆಗೆ ಎರಡನೆಯದು ಕೊಡುತ್ತೇನೆ. ಬಾಳಿಕೆಗೆಂದೇ ಗಟ್ಟಿ ರಬ್ಬರಿನಲ್ಲಿ ಮಾಡಿದ ಟೈರ್ ಒದ್ದೆ ರಸ್ತೆಯಲ್ಲಿ ಜಾರುವುದು ಹೆಚ್ಚು, ಮತ್ತು ಕಡಿಮೆ ಓಡುವ ಕಾರಿನಲ್ಲಿ ಆ ಬಾಳಿಕೆಯನ್ನು ಬಳಸಿ ಮುಗಿಸುವ ಮೊದಲೇ ವಯಸ್ಸಾಗಿರುತ್ತದೆ. ಇವೆಲ್ಲಕ್ಕೂ ಮೊದಲು ಐಎಸ್‌ಐ ಗುರುತು ಇದೆಯೇ ನೋಡಿ. ಕಾರಿನ ಟೈರಿಗೆ ಇಲ್ಲಿ ಅದು ಕಡ್ಡಾಯ.

ಎಲ್ಲಿ ಕೊಳ್ಳುವುದು? ಮುಂಬಯಿಯಲ್ಲಿ ಕುರ್ಲಾ–ಕಲೀನಾದ ಸಿಎಸ್‌ಟಿ ರೋಡ್, ಪುಣೆಯಲ್ಲಿ ನಾನಾ ಪೇಠ್, ಇವು ಗಾಡಿ ಸಾಮಾನಿನ ಹಳೆಯ ಪೇಟೆಗಳು. ಅಕ್ಕಪಕ್ಕದಲ್ಲೇ ಅಂಗಡಿಗಳಿರುವುದರಿಂದ ಚೌಕಾಶಿಗೆ ಜಾಗ ಇರುತ್ತದೆ. ಠಾಣೆ, ಡೊಂಬಿವಲಿ, ವಾಶಿ ಕಡೆಯವರು ಅಷ್ಟು ದೂರ ಹೋಗಲೇಬೇಕೆಂದಿಲ್ಲ. ಹತ್ತಿರದ ಇಬ್ಬರು ಅಧಿಕೃತ ಡೀಲರ್‌ಗಳಿಗೂ ಹಲವು ಬ್ರಾಂಡ್ ಇಡುವ ಒಬ್ಬರಿಗೂ ಫೋನ್ ಮಾಡಿದರೆ ದರ ಗೊತ್ತಾಗುತ್ತದೆ. ಕೇಳುವ ಪ್ರಶ್ನೆ ಎರಡೇ: “ಮಾಲ್ ಕೌನ್ಸೇ ಹಫ್ತೇ ಕಾ ಹೈ?” (ಮಾಲು ಯಾವ ವಾರದ್ದು?), “ಸಬ್ ಮಿಲಾಕೇ ಕಿತ್ನಾ?” (ಎಲ್ಲ ಸೇರಿ ಎಷ್ಟು?) ಸಬ್ ಎಂದರೆ ಜಿಎಸ್‌ಟಿ, ಫಿಟ್ಟಿಂಗ್, ಹೊಸ ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲ ಸೇರಿ, ಹಳೆ ಟೈರಿನ ಬೆಲೆ ಕಳೆದು. ಟೈರ್ ಒಂದಕ್ಕೆ ಇನ್ನೂರು ಕಡಿಮೆ ಹೇಳಿದವರು ಈ ಉಳಿದ ಬಾಬತ್ತಿನಲ್ಲಿ ಅದನ್ನು ವಾಪಸ್ ಪಡೆಯುತ್ತಾರೆ. ಆನ್‌ಲೈನ್ ದರ ಕೆಲವೊಮ್ಮೆ ಚೆನ್ನಾಗಿರುತ್ತದೆ, ಆದರೆ ತಾರೀಖು ಗೊತ್ತಾಗುವುದು ಮಾಲು ಕೈಗೆ ಬಂದ ಮೇಲೆ. ರಿಮ್ಮಿಗೆ ಏರಿಸುವ ಮೊದಲೇ ನೋಡಿ, ಏರಿಸಿದ ಮೇಲೆ ವಾಪಸ್ ತೆಗೆದುಕೊಳ್ಳಲು ಒಪ್ಪುವುದು ಕಷ್ಟ.

ಕಾರಿನ ಹೊಸ ಟೈರಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ತೆರಿಗೆಗೆ ಮೊದಲು 5,000 ರೂಪಾಯಿಯ ಟೈರ್ ಆಗ 6,400, ಈಗ 5,900. ನಾಲ್ಕಕ್ಕೆ 2,000 ಉಳಿತಾಯ. ಬಿಲ್ಲಿಲ್ಲದೆ ಕೊಳ್ಳುವ ಆಸೆಯನ್ನು ಈಗಲಾದರೂ ಬಿಡಬಹುದು, ಏಕೆಂದರೆ ಬಿಲ್ಲಿಲ್ಲದಿದ್ದರೆ ವಾರಂಟಿ ಕೇಳುವುದು ಕಷ್ಟ. ಬಿಲ್ಲಿನಲ್ಲಿ ಟೈರಿನ ಸೀರಿಯಲ್ ನಂಬರ್ ಬರೆಸಿ.

ಸೆಕೆಂಡ್ ಹ್ಯಾಂಡ್ ಟೈರ್ ಬೇಡವೇ ಬೇಡ. ಸವೆದ ಟೈರಿಗೆ ಬಿಸಿ ಬ್ಲೇಡಿನಲ್ಲಿ ಕಾಲುವೆ ಕೊರೆದು, ಕಪ್ಪು ಪಾಲಿಶ್ ಬಳಿದಿಟ್ಟರೆ ಹೊಸದರಂತೆಯೇ ಕಾಣುತ್ತದೆ. ಕಾಲುವೆಯೊಳಗೆ ಬೆರಳಾಡಿಸಿ: ಸವೆತದ ದಿಣ್ಣೆ ಮಾಯವಾಗಿದ್ದರೆ ಅಥವಾ ನಡುವೆ ಕತ್ತರಿಸಿದ್ದರೆ ಅದು ಕೊರೆದದ್ದು. ತಂತಿಯ ಪದರಕ್ಕೂ ರಸ್ತೆಗೂ ನಡುವೆ ಇರಬೇಕಾದ ರಬ್ಬರ್ ಅಲ್ಲಿ ಉಳಿದಿರುವುದಿಲ್ಲ.

ಬಜೆಟ್ಟಿಗೆ ಎರಡೇ ಹೊಸ ಟೈರ್ ಆಗುವುದಾದರೆ ಅವನ್ನು ಹಿಂದಕ್ಕೆ ಹಾಕಿಸಿ, ಹಿಂದಿನ ಚೆನ್ನಾಗಿರುವುದನ್ನು ಮುಂದಕ್ಕೆ ತನ್ನಿ. ಎಂಜಿನ್ ಎಳೆಯುವುದು ಮುಂದಿನ ಚಕ್ರವಾದರೂ ಹೀಗೇ. ಗ್ಯಾರೇಜಿನಲ್ಲಿ ಇದಕ್ಕೆ ವಾದ ಮಾಡುತ್ತಾರೆ, ಬಿಟ್ಟುಕೊಡಬೇಡಿ. ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ನೇರ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಬಹುಪಾಲು ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಅದನ್ನು ಹಿಡಿಯುವುದು ಎಲ್ಲರಿಂದ ಆಗುವ ಕೆಲಸವಲ್ಲ.

ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ. ಟೈರಿನ ಮೇಲೆ ಬಾಣದ ಗುರುತಿದ್ದರೆ ಅದು ಮುಂದೆ ಉರುಳುವ ದಿಕ್ಕಿಗಿರಬೇಕು. ಔಟ್‌ಸೈಡ್ ಎಂದು ಬರೆದಿರುವ ಪಕ್ಕ ಹೊರಗಿರಬೇಕು. ಟ್ಯೂಬ್‌ಲೆಸ್‌ನ ರಬ್ಬರ್ ವಾಲ್ವ್ ಹೊಸದು ಹಾಕಿಸಿ, ಹಳೆಯದನ್ನು ಉಳಿಸಿ ಆಗುವ ಲಾಭ ಏನೂ ಇಲ್ಲ. ಟೈರ್ ರಿಮ್ಮಿಗೆ ಕೂರಲೆಂದು ಹೆಚ್ಚು ಗಾಳಿ ತುಂಬುತ್ತಾರೆ, ಅದನ್ನು ಸ್ಟಿಕ್ಕರಿನ ಮಟ್ಟಕ್ಕೆ ಇಳಿಸಲು ಮರೆಯುತ್ತಾರೆ. ನೀವೇ ನೆನಪಿಸಿ. ನಟ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು, ಕೊನೆಯ ಬಿಗಿತ ನಟ್ಟು ತಿರುಗಿಸುವ ಗನ್ನಿನಲ್ಲಿ ಅಲ್ಲ, ಬಿಗಿತ ಅಳೆದು ಹಾಕುವ ಟಾರ್ಕ್ ರೆಂಚಿನಲ್ಲಿ. ಎಷ್ಟೆಂಬುದು ಕಾರಿನ ಪುಸ್ತಕದಲ್ಲಿದೆ. ಗನ್ನಿನಲ್ಲಿ ಅತಿಯಾಗಿ ಬಿಗಿದ ನಟ್ಟು, ಪಂಕ್ಚರ್ ಆಗಿ ಪುಣೆ–ಸಾತಾರಾ ನಡುವಿನ ಖಂಬಾಟ್ಕಿ ಘಾಟಿಯಲ್ಲಿ ನಿಂತಾಗ, ಕಾರಿನ ಜೊತೆ ಬಂದ ಪಾನದಲ್ಲಿ ಅಲುಗುವುದಿಲ್ಲ. 50-100 ಕಿ.ಮೀ. ಓಡಿದ ಮೇಲೆ ಬಿಗಿತ ಮತ್ತೊಮ್ಮೆ ನೋಡಿಸಿ.

ಊರಿಗೆ ಹೊರಡುವ ಮುಂಚೆ ಟೈರ್ ತಣ್ಣಗಿರುವಾಗ, ಸ್ಟಿಕ್ಕರಿನಲ್ಲಿ ಪೂರ್ತಿ ಭಾರಕ್ಕೆಂದು ಬರೆದಿರುವಷ್ಟು ಗಾಳಿ ಹಿಡಿಸಿ. ನೈಟ್ರೋಜನ್ನಿಗೆ ಬೇರೆ ದುಡ್ಡು ಕೊಡಬೇಕಿಲ್ಲ, ಮಾಮೂಲಿ ಗಾಳಿಯಲ್ಲೇ ಅದು ಶೇಕಡಾ 78 ಇದೆ. ಸ್ಟೆಪ್ನಿಯನ್ನೂ ಹೊರಗೆ ತೆಗೆದು ನೋಡಿ. ಅದು ಸಪೂರ ಜಾತಿಯದಾದರೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು, ಮತ್ತು ಅದರಲ್ಲಿ 80 ಕಿ.ಮೀ. ವೇಗ ಮೀರದೆ ಮುಂದಿನ ಪಂಕ್ಚರ್ ಅಂಗಡಿವರೆಗೆ ಮಾತ್ರ ಹೋಗಬಹುದು.