ಪುಣ್ಯಕೋಟಿಗೆ ಸಿಕ್ಕಿದ್ದು ಕಾನರ್‌ಗೆ ಸಿಗಲಿಲ್ಲ

ನಾನು ಪುಸ್ತಕ ಓದಿ ಅಳುತ್ತೇನೆ. ಚೆನ್ನಾಗಿಯೇ ಅಳುತ್ತೇನೆ. ಟೀವಿಯಲ್ಲಿ ಚಹಾಪುಡಿ ಜಾಹೀರಾತು ನೋಡಿಯೂ ಅತ್ತಿದ್ದೇನೆ. ಹಾಗಾಗಿ ಯಾರಾದರೂ "ಇದನ್ನ ಓದು, ಕಣ್ಣಲ್ಲಿ ನೀರು ಬರತ್ತೆ" ಅಂದರೆ ಅದು ದೊಡ್ಡ ಸರ್ಟಿಫಿಕೇಟ್ ಅಂತ ನನಗೆ ಅನ್ನಿಸುವುದಿಲ್ಲ. ಈರುಳ್ಳಿ ಹೆಚ್ಚಿದರೂ ಬರತ್ತೆ.

ಆದರೆ ಕಳೆದ ಮಳೆಗಾಲದಲ್ಲಿ ಓದಿದ ಒಂದು ಪುಸ್ತಕ ಇನ್ನೂ ಬಿಟ್ಟಿಲ್ಲ. ಅದರ ಕಥೆಯನ್ನು ಕೊನೆಯ ತನಕ ಹೇಳುವವಳಿದ್ದೇನೆ. ಬೇಡ ಅನ್ನುವವರು ಇಲ್ಲೇ ಇಳಿದುಕೊಳ್ಳಿ.

ಈ ವಯಸ್ಸಲ್ಲಿ ಯಂಗ್ ಅಡಲ್ಟ್ ಕಾದಂಬರಿ, ಅಂದರೆ ಹದಿಹರೆಯದವರಿಗೆ ಅಂತ ಬರೆದದ್ದು, ಯಾಕೆ ಓದುತ್ತೀಯ ಅಂತ ಕೇಳುವವರಿದ್ದಾರೆ. ಓದಬೇಕಾದ ವಯಸ್ಸಲ್ಲಿ ನನಗೆ ಸಿಗಲಿಲ್ಲ, ಅದಕ್ಕೆ. ಬಾಲಮಂಗಳ, ಚಂದಮಾಮ ಮುಗಿಸಿದ ನಾನು ನೇರ ಬಿದ್ದದ್ದು ಅಮ್ಮನ ಸುಧಾ, ತರಂಗದ ಧಾರಾವಾಹಿಗಳಿಗೆ. ಅಲ್ಲಿದ್ದದ್ದು ಮದುವೆ, ಅತ್ತೆ, ಆಸ್ತಿ. ಹದಿಮೂರರ ಹುಡುಗಿಯ ತಲೆಯಲ್ಲಿ ಏನು ನಡೆಯುತ್ತದೆ ಅಂತ ಅಲ್ಲಿ ಯಾರೂ ಕೇಳಿರಲಿಲ್ಲ. ಈಗ ಬಡ್ಡಿ ಸಮೇತ ವಸೂಲಿ ಮಾಡುತ್ತಿದ್ದೇನೆ.

ಜಾನ್ ಗ್ರೀನ್ 2012ರಲ್ಲಿ ಬರೆದ 'ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್' ಓದಿ ತಲೆನೋವು ಬರುವಷ್ಟು ಅತ್ತೆ, ಆಮೇಲೆ ಎದ್ದು ದೋಸೆ ತಿಂದೆ, ಮುಗಿಯಿತು. ಮಾರ್ಕಸ್ ಝುಸಾಕ್‌ನ 'ದಿ ಬುಕ್ ಥೀಫ್'ನಲ್ಲಿ ಕಥೆ ಹೇಳುವುದು ಸ್ವತಃ ಸಾವು. ರೂಡಿ ಅನ್ನುವ, ನಿಂಬೆಹಣ್ಣಿನ ಬಣ್ಣದ ಕೂದಲಿನ ಹುಡುಗ ಸಾಯುತ್ತಾನೆ ಅಂತ ಅದು ನಡುಪುಸ್ತಕದಲ್ಲೇ ಹೇಳಿಬಿಡುತ್ತದೆ. ಗೊತ್ತಿದ್ದೂ ಅತ್ತೆ, ಜೊತೆಗೆ ಸಾವಿನ ಮೇಲೆ ಸಿಟ್ಟೂ ಬಂತು. ಇನ್ನು ಕ್ಯಾಥರಿನ್ ಪ್ಯಾಟರ್ಸನ್ 1977ರಲ್ಲಿ ಬರೆದ 'ಬ್ರಿಜ್ ಟು ಟೆರಬಿಥಿಯ'. ತನ್ನ ಮಗನ ಪುಟ್ಟ ಗೆಳತಿ ಸಿಡಿಲು ಬಡಿದು ತೀರಿಕೊಂಡ ಮೇಲೆ ಆಕೆ ಬರೆದ ಪುಸ್ತಕ ಅದು. ಅದರಲ್ಲಿ ಜೆಸ್ ಅನ್ನುವ ಹುಡುಗ ಇಷ್ಟದ ಟೀಚರ್ ಜೊತೆ ವಾಷಿಂಗ್ಟನ್‌ಗೆ ಹೋಗುತ್ತಾನೆ. ಗೆಳತಿಯನ್ನೂ ಕರೆಯಬಹುದಿತ್ತು, ಕರೆಯುವುದಿಲ್ಲ. ಅದೇ ದಿನ ತುಂಬಿದ ಹಳ್ಳದ ಮೇಲೆ ಹಗ್ಗ ಹರಿದು ಅವಳು ಸಾಯುತ್ತಾಳೆ. ಇಲ್ಲಿ ಮೊದಲ ಸಲ ಏನೋ ಚುಚ್ಚಿತು. ಸತ್ತವಳಿಗಿಂತ ಜಾಸ್ತಿ, ಕರೆಯದೇ ಹೋದವನು ತಲೆಯಲ್ಲಿ ಉಳಿದ.

ಈಗ ನಾನು ಹೇಳಬೇಕೆಂದಿದ್ದ ಪುಸ್ತಕ. 'ಎ ಮಾನ್‌ಸ್ಟರ್ ಕಾಲ್ಸ್', ಪ್ಯಾಟ್ರಿಕ್ ನೆಸ್, 2011. ಇದರ ಮೂಲ ಕಲ್ಪನೆ ಶಿವಾನ್ ಡೌಡ್ ಎಂಬ ಲೇಖಕಿಯದು. (ಆ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ನೋಡಿ ನಾನು ಬಹಳ ದಿನ ಸಿಯೋಭಾನ್ ಅಂತಲೇ ಓದುತ್ತಿದ್ದೆ.) ಆಕೆ ಅದನ್ನು ಬರೆಯುವ ಮೊದಲೇ 2007ರಲ್ಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ನೆಸ್ ಅದನ್ನು ತನ್ನ ರೀತಿಯಲ್ಲಿ ಬರೆದು ಮುಗಿಸಿದರು. ಜಿಮ್ ಕೇ ಕಪ್ಪು ಬಿಳುಪಿನಲ್ಲಿ ಬಿಡಿಸಿದ ಚಿತ್ರಗಳು ಪುಟದ ಅಂಚಿನಿಂದ ಮುಳ್ಳಿನ ಪೊದೆಯ ಹಾಗೆ ಒಳಗೆ ಬರುತ್ತವೆ.

ಕಾನರ್‌ಗೆ ಹದಿಮೂರು ವರ್ಷ. ಅಮ್ಮನಿಗೆ ಕ್ಯಾನ್ಸರ್. ಅಪ್ಪ ಇನ್ನೊಂದು ಸಂಸಾರ ಕಟ್ಟಿಕೊಂಡು ಅಮೆರಿಕದಲ್ಲಿದ್ದಾನೆ. ರಾತ್ರಿ 12 ಗಂಟೆ 7 ನಿಮಿಷಕ್ಕೆ ಹಿತ್ತಲಾಚೆಯ ಯೂ ಮರ ರಾಕ್ಷಸನಾಗಿ ಎದ್ದು ಬರುತ್ತದೆ. ನಾನು ಮೂರು ಕಥೆ ಹೇಳುತ್ತೇನೆ, ನಾಲ್ಕನೆಯದು ನೀನು ಹೇಳಬೇಕು, ಅದು ನಿನ್ನ ಸತ್ಯವಾಗಿರಬೇಕು ಅನ್ನುತ್ತದೆ. ಅಷ್ಟರಲ್ಲಿ ಅಮ್ಮನಿಗೆ ಹೊಸ ಔಷಧಿ ಶುರುವಾಗುತ್ತದೆ. ಅದನ್ನು ಮಾಡುವುದೇ ಯೂ ಮರದಿಂದ. ನಿಜಕ್ಕೂ ಕ್ಯಾನ್ಸರ್‌ಗೆ ಹಾಗೆ ಯೂ ಮರದಿಂದ ಬಂದ ಔಷಧಿಗಳಿವೆ.

ಇಲ್ಲಿ ನಾನು ಮೋಸ ಹೋದೆ. ಯಾಕೆ ಅಂತ ಆಮೇಲೆ ಹೊಳೆಯಿತು. ಗೋವಿನ ಹಾಡು ಬಾಯಿಪಾಠ ಮಾಡಿ ಬೆಳೆದವರು ನಾವು. ಅಮ್ಮ ಸಾಯಲು ಹೊರಟಿದ್ದಾಳೆ, ಕರು ಒಬ್ಬಂಟಿ, ಆದರೆ ಕೊಟ್ಟ ಮಾತು ಉಳಿಸಿಕೊಂಡರೆ ಹುಲಿಯೇ ಸೋತು ಪ್ರಾಣ ಬಿಡುತ್ತದೆ. ಸತ್ಯ ಹೇಳು, ಅಮ್ಮ ಉಳಿಯುತ್ತಾಳೆ. ಮರ ಸತ್ಯ ಕೇಳುತ್ತಿದೆ, ಔಷಧಿಯೂ ಅದೇ ಮರದ್ದು, ಇನ್ನೇನು ಬೇಕು? ಹುಡುಗ ಬಾಯಿಬಿಟ್ಟರೆ ಸಾಕು ಅಂತ ಹಾಸಿಗೆಯಲ್ಲಿ ಎದ್ದು ಕೂತು ಪುಟ ತಿರುವುತ್ತಿದ್ದೆ.

ಔಷಧಿ ಕೆಲಸ ಮಾಡುವುದಿಲ್ಲ. ಹುಡುಗನ ಸತ್ಯ ಏನು ಗೊತ್ತಾ? ಕನಸಿನಲ್ಲಿ ಅಮ್ಮ ಪ್ರಪಾತಕ್ಕೆ ಜಾರುತ್ತಾಳೆ, ಇವನು ಕೈ ಹಿಡಿದುಕೊಂಡಿದ್ದಾನೆ. ಆ ಕೈ ತಾನಾಗಿ ಜಾರಲಿಲ್ಲ. ಇವನೇ ಬಿಟ್ಟ. ಇದೆಲ್ಲ ಒಮ್ಮೆ ಮುಗಿದರೆ ಸಾಕು ಅಂತ ಅವನಿಗೆ ಅನ್ನಿಸಿತ್ತು.

ನಾನು ಪುಸ್ತಕ ಮಗುಚಿ ಹಾಕಿ ಅಡುಗೆಮನೆಗೆ ಹೋಗಿ ಕತ್ತಲಲ್ಲಿ ನಿಂತೆ.

ನಾನು ಸೆಕೆಂಡ್ ಪಿಯುಸಿಯಲ್ಲಿದ್ದಾಗ ನಮ್ಮಜ್ಜಿಗೆ ಲಕ್ವ ಹೊಡೆದಿತ್ತು. ಹಾಲ್‌ನಲ್ಲೇ ಮಂಚ. ಬೆನ್ನಿಗೆ ಹುಣ್ಣಾಗಬಾರದು ಅಂತ ಬಾಡಿಗೆಗೆ ತಂದ ಏರ್ ಬೆಡ್. ಅದರ ಮೋಟರ್ ಹಗಲೂ ರಾತ್ರಿ ಗುಂಯ್ ಅನ್ನುತ್ತಿತ್ತು. ಅದರ ಪಕ್ಕದಲ್ಲೇ ಕೂತು ನಾನು ಇಂಟಗ್ರೇಷನ್ ಲೆಕ್ಕ ಮಾಡಬೇಕು. ಗಂಜಿ ಕುಡಿಸುವ ಸ್ಟೀಲ್ ಚಮಚ ಅಜ್ಜಿಯ ಹಲ್ಲಿಗೆ ತಾಗಿ ಟಿಣ್ ಅನ್ನುತ್ತಿತ್ತು. ಅರ್ಧ ಗಂಜಿ ಹೊರಗೆ ಬರುತ್ತಿತ್ತು. ನೋಡಲು ಬಂದವರೆಲ್ಲ ಕಾಫಿ ಕುಡಿದು, "ಪಾಪ, ನರಳೋದು ಬೇಡ, ದೇವರು ಬೇಗ ಕರ್ಕೊಂಡ್ರೆ ಸಾಕು" ಅಂತ ಹೇಳಿ ಹೋಗುತ್ತಿದ್ದರು. ದೊಡ್ಡವರಿಗೆ ಅದನ್ನು ಹೇಳಲು ಒಂದು ಮಾತು ರೆಡಿ ಇತ್ತು. ನನಗೂ ಹಾಗೇ ಅನ್ನಿಸಿತ್ತು, ಆದರೆ ಅಜ್ಜಿಯ ನರಳಾಟಕ್ಕಲ್ಲ, ಮೋಟರ್ ಸದ್ದಿಗೆ, ಪರೀಕ್ಷೆಗೆ. ಅಂದುಕೊಂಡ ನಾಲ್ಕನೇ ದಿನ ಅಜ್ಜಿ ಹೋದರು. ಬಾಡಿಗೆಯವರು ಬಂದು ಮೋಟರ್ ಎತ್ತಿಕೊಂಡು ಹೋದ ಮೇಲೆ ಮನೆ ಎಷ್ಟು ಸುಮ್ಮನಾಯಿತು ಅಂದರೆ ಒಂದು ವಾರ ನನಗೆ ನಿದ್ದೆ ಬರಲಿಲ್ಲ.

ಪುಸ್ತಕದಲ್ಲಿ ಕಾನರ್ ಅಜ್ಜಿಮನೆಯ ಕೋಣೆಯನ್ನು ಧ್ವಂಸ ಮಾಡುತ್ತಾನೆ. ಅಜ್ಜಿ ಜೀವದಂತೆ ಕಾಪಾಡಿಕೊಂಡು ಬಂದ ಹಳೇ ಗಡಿಯಾರವನ್ನೂ ಬಿಡುವುದಿಲ್ಲ. ಅಜ್ಜಿ ಬರುತ್ತಾಳೆ, ನೋಡುತ್ತಾಳೆ. ಈಗ ಬೀಳುತ್ತೆ ಏಟು ಅಂದುಕೊಂಡರೆ, ಆಕೆ ಹೋಗಿ ಇನ್ನೂ ನಿಂತಿದ್ದ ಒಂದೇ ಒಂದು ಬೀರುವನ್ನು ತಾನೇ ಎಳೆದು ಕೆಡವುತ್ತಾಳೆ. ಸಾಯುತ್ತಿರುವವಳು ಅವಳ ಮಗಳೂ ಹೌದಲ್ವಾ? ಇಡೀ ಪುಸ್ತಕದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಆ ಹುಡುಗ ಶಿಕ್ಷೆಗಾಗಿ ಹಪಹಪಿಸುತ್ತಾನೆ, ಯಾರೂ ಕೊಡುವುದಿಲ್ಲ. ಎಲ್ಲರೂ ಪಾಪ ಅನ್ನುತ್ತಾರೆ. ಆ 'ಪಾಪ' ಇದೆಯಲ್ಲ, ಅದರಷ್ಟು ಒಂಟಿ ಮಾಡುವ ಮಾತು ಇನ್ನೊಂದಿಲ್ಲ.

ಈ ಪುಸ್ತಕಕ್ಕೆ 2012ರಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡುವ ಬ್ರಿಟನ್ನಿನ ಕಾರ್ನೆಗಿ ಪದಕ ಬಂತು, ಚಿತ್ರಗಳಿಗೆ ಗ್ರೀನವೇ ಪದಕವೂ ಬಂತು. ಎರಡೂ ಒಂದೇ ಪುಸ್ತಕಕ್ಕೆ ಬಂದದ್ದು ಅದೇ ಮೊದಲು. ಸಿನಿಮಾನೂ ಇದೆ. ಇಲ್ಲಿಯ ತನಕ ನೋಡಿಲ್ಲ, ಧೈರ್ಯ ಇಲ್ಲ.

ಮಾರನೇ ದಿನ ಅಮ್ಮನಿಗೆ ಫೋನ್ ಮಾಡಿ ಅಜ್ಜಿಯ ವಿಷಯ ಹೇಳಿದೆ. ಇಪ್ಪತ್ತು ವರ್ಷದ ಗುಟ್ಟು, ಗಂಟಲು ಕಟ್ಟಿತ್ತು. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ನೀನೊಬ್ಬಳೇ ಅಂದ್ಕೊಂಡಿದ್ದೆಯಾ? ಇಡು, ಕುಕ್ಕರ್ ಕೂಗ್ತಾ ಇದೆ" ಅಂದರು. ಸಂಜೆ ಅವರೇ ಮತ್ತೆ ಫೋನ್ ಮಾಡಿ ಒಂದು ಗಂಟೆ ಮಾತಾಡಿದರು, ಪೂರ್ತಿ ಅಜ್ಜಿಯ ಬಗ್ಗೆ, ಅದರಲ್ಲೂ ಅಜ್ಜಿ ಇಸ್ಪೀಟಿನಲ್ಲಿ ಮಾಡುತ್ತಿದ್ದ ಮೋಸಗಳ ಬಗ್ಗೆ.

ಪುಸ್ತಕ ಈಗ ಅಕ್ಕನ ಮಗನ ಹತ್ತಿರ ಇದೆ. ಅವನಿಗೂ ಹದಿಮೂರು. ಹೇಗಿದೆ ಅಂತ ಕೇಳಿದರೆ, "ಗಡಿಯಾರ ಒಡೆಯೋ ಸೀನ್ ಸಖತ್ತಾಗಿದೆ ಚಿಕ್ಕಮ್ಮ" ಅಂದ. ವಾಪಸ್ ಕೊಡು ಅಂದೆ. ಇನ್ನೊಂದ್ಸಲ ಓದಿ ಕೊಡ್ತೀನಿ ಅಂದ.